ಗೆರೆ ಬಾಗಿಸಿದ ಗದ್ದಿಗೆ

ಕಲ್ಲಿನ ಮೇಲಿನ ಅಕ್ಷರ ತನ್ನದೆಂದು ಯಾರಾದರೂ ಗುರುತು ಹಿಡಿದಾರೆಂಬುದೇ ಆ ದಿನಗಳಲ್ಲಿ ಕಸ್ತೂರಿಯ ಚಿಂತೆ. ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ರೊಟ್ಟಿ ಬಡಿಯುವಾಗ, ನೀರು ತುಂಬುವಾಗ ತನಗೆ ತಾನೇ ಒಪ್ಪಿಕೊಳ್ಳುತ್ತಿದ್ದಳು: ಹೌದು, ನನಗೆ ಅಂಜಿಕೆಯಾಗಿದೆ, ನನ್ನ 'ಯ' ನನ್ನನ್ನು ಹಿಡಿದುಕೊಡುತ್ತದೆ.

ಅವಳ 'ಯ' ಊರಿಗೆಲ್ಲ ಪರಿಚಿತ. ಅದರ ಬಾಲ ಬೆಕ್ಕಿನ ಬಾಲದ ಹಾಗೆ ಮೇಲಕ್ಕೆ ಸುರುಳಿ ಸುತ್ತುತ್ತಿತ್ತು. ಲಗ್ನದ ಲಕೋಟೆಗಳ ಮೇಲೆ ಹೆಸರು ಬರೆಯಲಿಕ್ಕೆ, ಶಾಲೆಯ ಗೋಡೆಗೆ ನೀತಿಮಾತು ಬರೆಯಲಿಕ್ಕೆ, ಎಲ್ಲಕ್ಕೂ ಬಸವಂತರಾಯನ ಮಗಳೇ ಬೇಕು. ಬಿ.ಎ. ಪಾಸು ಮಾಡಿ ಮನೆಯಲ್ಲಿ ಕುಳಿತ ಹುಡುಗಿ, ಬಾಯಿಲ್ಲದಿದ್ದರೇನು ಬೆರಳು ಚೆಂದ ಅದಾವ ಅನ್ನುತ್ತಿದ್ದರು. ಆ ಚೆಂದದ ಬೆರಳು ಬರೆದ ಬಾಲ ಈಗ ಅಪ್ಪನ ಹೊಲದಲ್ಲಿ, ಬಾವಿಯ ಮಗ್ಗುಲಿಗೆ ಕಟ್ಟಿದ ಗದ್ದಿಗೆಯ, ಸಮಾಧಿ ಕಟ್ಟೆಯ, ಫರಸಿ ಕಲ್ಲಿನ ಮೇಲಿತ್ತು. 'ಲಿಂಗೈಕ್ಯ ಶಿವರಾಯ' ಎಂದು ಅವಳು ಸುಣ್ಣದಲ್ಲಿ ಬರೆದುಕೊಟ್ಟಿದ್ದಳು. ಅಪ್ಪನೇ ಉಳಿ ಹಿಡಿದು ಕೊರೆದಿದ್ದ.

ಗದ್ದಿಗೆಯೊಳಗೆ ಶಿವರಾಯ ಇರಲಿಲ್ಲ. ಯಾರೂ ಇರಲಿಲ್ಲ. ಆ ದೊಡ್ಡ ಮಾತಿನ ಕಡೆ ಮುಖ ಮಾಡಿ ನೋಡುವ ಧೈರ್ಯ ಸಾಲದೆ ಅವಳು 'ಯ'ದ ಬಾಲ ಹಿಡಿದುಕೊಂಡು ಕುಳಿತಿದ್ದಳು, ಅಷ್ಟೇ.

ಶಿವರಾಯ ಅವಳ ಮುತ್ಯಾ, ಅಪ್ಪನ ಅಪ್ಪ. ಅವಳು ಹುಟ್ಟುವ ಮೊದಲೇ ಒಂದು ಶಿವರಾತ್ರಿಗೆ ಊರ ಮಂದಿಯ ಜೊತೆ ಶ್ರೀಶೈಲಕ್ಕೆ ನಡೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಜೊತೆಗಿದ್ದವರು ಬಂದು, ಅಡವಿಯ ಏರಿನಲ್ಲಿ ಹಿಂದೆ ಉಳಿದಿದ್ದ, ಬರ್ತೀನಿ ನಡೀರಿ ಅಂದಿದ್ದ, ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದರು. ಹುಲಿ ಅಂದವರಿದ್ದರು, ಸನ್ಯಾಸ ಅಂದವರಿದ್ದರು. ಅವನ ಹೆಂಡತಿ ಗಂಗಾಬಾಯಿಗೆ ಬಳೆ ತೆಗೆಯೆಂದು ಹೇಳುವವರೂ ಇರಲಿಲ್ಲ, ಇಟ್ಟುಕೋ ಎಂದು ಹೇಳುವವರೂ ಇರಲಿಲ್ಲ. ಕೈಯಲ್ಲಿದ್ದ ಬಳೆಗಳು ಕೆಲಸದಲ್ಲಿ ಒಂದೊಂದಾಗಿ ಒಡೆದುಹೋದವು. ಹೊಸವನ್ನು ಆಕೆ ಇಡಿಸಿಕೊಳ್ಳಲಿಲ್ಲ. ಆಕೆಯ ದುಃಖ ಅಷ್ಟರಲ್ಲೇ ನಡೆದುಹೋಯಿತು. ಉಳಿದವರೆಲ್ಲ ತಮ್ಮ ತಮ್ಮ ಹೊಲದಲ್ಲಿ ಹಿರಿಯರನ್ನು ಮಣ್ಣು ಮಾಡಿ, ಗದ್ದಿಗೆ ಕಟ್ಟಿ, ಅಮಾವಾಸ್ಯೆಗೆ ಎಡೆ ಹಿಡಿದುಕೊಂಡು ಹೊರಟರೆ ಗಂಗಾಬಾಯಿ ಮಾತ್ರ ಅಂಗಳ ಗುಡಿಸುತ್ತ ಇರುತ್ತಿದ್ದಳು.

ಹೀಗಿರುವಾಗ ರಸ್ತೆಯ ಸುದ್ದಿ ಬಂತು. ಸೊಲ್ಲಾಪುರದ ಕಡೆಯಿಂದ ಕರಜಗಿ, ಅಫಜಲಪುರ ಹಾದು ಜೇವರ್ಗಿಯವರೆಗೆ ಹೊಸದೊಂದು ಸುಂಕದ ರಸ್ತೆ. ಅಳತೆಗೆ ಬಂದ ಇಂಜಿನಿಯರು ದೌಲತರಾಯ ಬೀದರ ಕಡೆಯ ಮನುಷ್ಯ, ಮಾತುಗಾರ. ಕಸ್ತೂರಿಯ ಮನೆಯ ಕಟ್ಟೆಯ ಮೇಲೆ ಕುಳಿತು, ಶೇಂಗಾ ಹಿಂಡಿಯ ಚಟ್ನಿ ಹಚ್ಚಿಕೊಂಡು ರೊಟ್ಟಿ ಮುರಿಯುತ್ತ, ಕಿಸೆಯಿಂದ ಒಂದು ಬಣ್ಣದ ಫೋಟೋ ತೆಗೆದ.

"ತರಬೇತಿಗಂತ ಮನಿಲಾಕ್ಕ ಕಳಿಸಿದ್ರು ನನಗ. ಫಿಲಿಪೈನ್ಸ್ ದೇಶ. ನೋಡ್ರಿ, ಅಲ್ಲಿಂದು ಟೋಲ್ ರಸ್ತಾ. ನಾಕಾದಾಗ ಒಮ್ಮಿ ರೊಕ್ಕ ಕಟ್ಟಿ ಏರಿದ್ರ ಮುಗೀತು."

ಗಂಗಾಬಾಯಿ ಕಣ್ಣಿಗೆ ಕೈ ಮರೆಮಾಡಿ ಫೋಟೋ ನೋಡಿದಳು. "ನಾಕಾ ನಮಗೇನು ಹೊಸಾದಲ್ಲ ತಮ್ಮಾ. ನಿಜಾಮನ ಕಾಲದಾಗ ಮಾಲಿನ ಸುಂಕ ವಸೂಲಿಗೆ ಕರೋಡಗಿರಿ ನಾಕಾ ಇತ್ತು. ತುಪ್ಪದ ಗಡಿಗ್ಯಾಗ ಬಟ್ಟು ಅದ್ದಿ ನೆಕ್ಕಿ ನೋಡಿ ಬಿಡ್ತಿದ್ರು. ನಿಮ್ಮವರೂ ನೆಕ್ತಾರೇನು?"

ದೌಲತರಾಯ ರೊಟ್ಟಿ ಗಂಟಲಿಗೆ ಸಿಕ್ಕುವಷ್ಟು ನಕ್ಕ. "ಇಲ್ಲ ಆಯಿ, ಚೀಟಿ ಕೊಡ್ತಾರ, ಅಷ್ಟೇ. ಒಮ್ಮಿ ಏರಿದ್ರ ನಡುವ ಯಾರೂ ನಿಲ್ಲಾಂಗಿಲ್ಲ, ಯಾರೂ ಅಡ್ಡ ಬರಾಂಗಿಲ್ಲ. ದನ ಇಲ್ಲ, ಬಂಡಿ ಇಲ್ಲ, ನಡಿಯೋ ಮನಷ್ಯಾ ಇಲ್ಲ. ಎರಡೂ ಕಡೆ ತಂತಿಬೇಲಿ. ಗಾಡಿ ಹೋಗ್ತಿದ್ರ ಹೊಟ್ಟ್ಯಾಗಿನ ನೀರು ಅಲುಗಾಡಂಗಿಲ್ಲ."

ಫೋಟೋ ಕೈಯಿಂದ ಕೈಗೆ ದಾಟಿ ಬಾಗಿಲ ಮರೆಯಲ್ಲಿ ನಿಂತ ಕಸ್ತೂರಿಯವರೆಗೂ ಬಂತು. ಎರಡೂ ಬದಿಗೆ ಹಸಿರು ಭತ್ತದ ಗದ್ದೆ, ನಡುವೆ ಬೂದು ಬಣ್ಣದ ರಸ್ತೆ. ಬೇಲಿಯ ಆಚೆ ಎಮ್ಮೆಯ ಹಗ್ಗ ಹಿಡಿದು ಒಬ್ಬಾತ ನಿಂತಿದ್ದ. ಮುಖ ಕಾಣುತ್ತಿರಲಿಲ್ಲ. ಅವನ ಮನೆ ರಸ್ತೆಯ ಯಾವ ಬದಿಗಿದೆ, ಗದ್ದೆ ಯಾವ ಬದಿಗಿದೆ, ದಾಟಬೇಕೆಂದರೆ ಎಲ್ಲಿ ದಾಟುತ್ತಾನೆ? ಕೇಳಬೇಕೆನಿಸಿತು. ಪ್ರಶ್ನೆ ಗಂಟಲವರೆಗೆ ಬಂದು, ಯಾವಾಗಿನಂತೆ, ಹಾಗೆಯೇ ಕೆಳಗಿಳಿಯಿತು. ಫೋಟೋ ತಿರುಗಿ ಕೊಟ್ಟಳು.

ಅಪ್ಪನ ಲಕ್ಷ್ಯ ಫೋಟೋದ ಕಡೆ ಇರಲಿಲ್ಲ. ರಸ್ತೆಯ ಗೆರೆ ಅವನ ಬಾವಿಯ ಮೇಲೆ ನೇರ ಹಾಯುತ್ತಿತ್ತು. ಆ ಬಾವಿಯ ಬಂಡೆಯನ್ನು ಅವನೇ ಮದ್ದಿಟ್ಟು ಸಿಡಿಸಿದ್ದ. ಸಿಡಿಸುವಾಗ ಎಡಗಿವಿ ಕಿವುಡಾಗಿತ್ತು. ಸುತ್ತ ಎಲ್ಲ ತೊಗರಿ ಬೆಳೆಯುವಲ್ಲಿ ಅವನ ಹೊಲದಲ್ಲಿ ಮಾತ್ರ ಕಬ್ಬು ನಿಂತು, ಭೂಸನೂರ ಸಕ್ಕರೆ ಕಾರ್ಖಾನೆಗೆ ಹೋಗುತ್ತಿತ್ತೆಂದರೆ ಆ ಬಾವಿಯ ಪುಣ್ಯ.

"ಈ ಗೆರಿ ಜರಾ ಬಾಗಾಂಗಿಲ್ಲೇನ್ರಿ ಸಾಹೇಬ್ರ?"

"ಬಾಂವಿಗೆ ಬಾಗಾಂಗಿಲ್ರಿ ಗೌಡ್ರ. ಗುಡಿ, ದರ್ಗಾ, ಗೋರಿ, ಗದ್ದಿಗಿ ಅಡ್ಡ ಬಂದ್ರ ಬಾಗ್ತದ. ಅವಕ್ಕ ಕೈ ಹಚ್ಚಿ ಯಾರು ತಂಟೆ ಮೈಮ್ಯಾಲ ಎಳಕೋತಾರ? ಬರೋ ತಿಂಗಳ ಗುರುತಿನ ಕಲ್ಲು ಹುಗಿಯಾಕ ಬರ್ತೇನಿ."

ಆ ತಿಂಗಳಲ್ಲೇ ಗದ್ದಿಗೆ ಎದ್ದಿತು. ದನದ ಕೊಟ್ಟಿಗೆಯ ಹಳೆಯ ಫರಸಿಗಳನ್ನು ಕಿತ್ತು ತಂದು ಅಪ್ಪ ಕಟ್ಟೆ ಕಟ್ಟಿದ. ಹುಳಿ ಮಜ್ಜಿಗೆಯಲ್ಲಿ ಸಗಣಿ ಕಲಸಿ ಕಲ್ಲಿಗೆ ತಿಕ್ಕಿದ, ಎಣ್ಣೆಯ ಮಸಿ ಬಳಿದ. ವಾರ ಕಳೆಯುವಷ್ಟರಲ್ಲಿ ಕಲ್ಲು ಎರಡು ತಲೆಮಾರು ಕಂಡ ಹಾಗೆ ಕಾಣತೊಡಗಿತು. ಮಠದ ಅಯ್ಯನೋರು ಶಾಂತಲಿಂಗಪ್ಪ ವಿಭೂತಿ, ಬಿಲ್ವಪತ್ರೆ ಹಿಡಿದುಕೊಂಡು ಬಂದವರು ಕಟ್ಟೆಯನ್ನು ಒಮ್ಮೆ ಸುತ್ತು ಹಾಕಿ ನೋಡಿದರು.

"ಒಳಗ ಏನದ ಬಸವಂತರಾಯಾ?"

"ಮಣ್ಣದರಿ."

ಅಯ್ಯನೋರು ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡರು. "ನಡಿ, ಮಣ್ಣಿಗೇ ಹೇಳ್ತೇನಿ," ಎಂದು ಮಂತ್ರ ಶುರು ಮಾಡಿದರು. ನಡುವೆ ಶಿವರಾಯನ ಹೆಸರು ಹಿಡಿದು ಗಟ್ಟಿಯಾಗಿ ಕರೆಯುವುದಿತ್ತು, ಕರೆದರು. ಆ ಕೂಗಿಗೆ ಗಂಗಾಬಾಯಿಯ ಮೈ ಒಮ್ಮೆ ಅಲುಗಿದ್ದನ್ನು ಕಸ್ತೂರಿ ಪಕ್ಕದಲ್ಲೇ ನಿಂತು ನೋಡಿದಳು.

ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಾಳೆ ತಮ್ಮ ಹೊಲದ ಮೇಲೂ ಗೆರೆ ಬಂದರೆ ತಮಗೂ ಒಂದು ಕಟ್ಟೆ ಬೇಕಾದೀತು ಎಂದು ಕೆಲವರಿಗಿದ್ದರೆ, ಉಳಿದವರಿಗೆ ಬಸವಂತರಾಯನ ಎದುರು ನಿಲ್ಲುವುದು ಬೇಡವಾಗಿತ್ತು. ದೌಲತರಾಯ ಬಂದು ಗದ್ದಿಗೆ ನೋಡಿದ. ಹಿಂದೆ ಇದನ್ನು ಕಂಡಿರಲಿಲ್ಲವಲ್ಲ ಎಂದ. ಕಬ್ಬಿನೊಳಗೆ ಮುಚ್ಚಿತ್ತು, ಈಗ ಕಟಾವು ಆಗಿದೆ ಎಂದು ಅಪ್ಪ ಹೇಳಿದ. ಇಂಜಿನಿಯರು ಬೂಟು ಕಳಚಿ ಕೈ ಮುಗಿದ.

ಗೆರೆ ಬಾಗಿತು. ಆದರೆ ಅಪ್ಪ ಎಣಿಸಿದ ಕಡೆ ಬಾಗಲಿಲ್ಲ. ಬಡಗಲಿಗೆ ಬೀಳು ಭೂಮಿಯಿತ್ತು, ಅಲ್ಲಿಗೆ ಹೋಗುತ್ತದೆ ಎಂದು ಅವನು ತಿಳಿದಿದ್ದ. ಆ ಕಡೆ ಹಳ್ಳ ಅಡ್ಡ ಬರುತ್ತದೆಂದು ಅಳತೆಯವರು ತೆಂಕಲಿಗೆ ತಿರುವಿದರು. ಬಿಳಿಬಣ್ಣ ಬಳಿದ ಗುರುತಿನ ಕಲ್ಲೊಂದು ಸುಲ್ತಾನಬಿಯ ಅಂಗಳದಲ್ಲಿ, ನಿಂಬೆಗಿಡದ ಬುಡಕ್ಕೆ ಬಂದು ಕುಳಿತಿತು.

ಸುಲ್ತಾನಬಿಯ ಮನೆ ಹಳೆಯ ಡಾಂಬರು ರಸ್ತೆಯ ಮಗ್ಗುಲಿಗಿತ್ತು. ಗಂಡ ಸತ್ತ ಮೇಲೆ ಒಬ್ಬಳೇ, ನಾಲ್ಕಾರು ಆಡು, ನಿಂಬೆಗಿಡ, ಉಪ್ಪಿನಕಾಯಿಯ ಭರಣಿಗಳು. ಜಾಗ ಗಾಯರಾಣದ್ದು, ಊರ ದನ ಮೇಯುವ ಸರ್ಕಾರಿ ನೆಲ. ಕಾಗದವಿಲ್ಲ. ಕಾಗದವಿಲ್ಲದ ಮನೆಗೆ ಪರಿಹಾರವೂ ಇಲ್ಲ, ಬದಲಿ ಜಾಗವೂ ಇಲ್ಲ; ಎದ್ದು ಹೋಗುವುದಷ್ಟೇ.

ಕಸ್ತೂರಿ ಅಫಜಲಪುರದ ಕಾಲೇಜಿಗೆ ಹೋಗುತ್ತಿದ್ದಷ್ಟು ಕಾಲವೂ ಆ ಮನೆಯ ಕಟ್ಟೆಯ ಮೇಲೆ ಕುಳಿತೇ ಬಸ್ಸು ಕಾಯುತ್ತಿದ್ದಳು. ಮೊದಲನೆಯ ದಿನ ಬಸ್ಸು ಬಂತು, ಎದುರಿಗೇ ಹಾದು ಹೋಯಿತು. ಕೈ ಎತ್ತಲಿಕ್ಕೂ ನಾಚಿಕೆಯಾಗಿ ಅವಳು ಪುಸ್ತಕ ಎದೆಗವಚಿಕೊಂಡು ಕುಳಿತೇ ಇದ್ದಳು. ಸುಲ್ತಾನಬಿ ಆಡಿಗೆ ಸೊಪ್ಪು ಹಾಕುತ್ತಿದ್ದವಳು ನೋಡಿ ಹಣೆ ಬಡಿದುಕೊಂಡಳು. "ಬಾಯಾಗ ಬೆಲ್ಲ ಇಟ್ಕೊಂಡೀಯೇನು ಬೇ? ಬಸ್ಸೇನು ನಿನ್ನ ಗಂಡನೇನು, ಮನಸ್ಸಿನಾಗಿಂದು ತಿಳಕೊಂಡು ನಿಲ್ಲಾಕ?" ಮರುದಿನದಿಂದ ತಾನೇ ರಸ್ತೆಯ ನಡುವೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈ ನೆಟ್ಟಗೆ ಎತ್ತಿ ನಿಲ್ಲತೊಡಗಿದಳು. "ನಿಲ್ಲಸೋ ಇಸ್ಮಾಯಿಲಾ! ನಮ್ಮ ಹುಡುಗಿ ಅದಾಳ!" ಡ್ರೈವರ್ ಇಸ್ಮಾಯಿಲ, "ಖಾಲಾ, ನನ್ನ ಬ್ರೇಕ್ ಸವೆದಾವ, ಹಿಂಗ ನಡುವ ನಿಂತ್ರ ಒಂದಿನ ಮ್ಯಾಲೇ ಬರ್ತದ ಗಾಡಿ," ಎಂದು ಬೈಯುತ್ತಲೇ ನಿಲ್ಲಿಸುತ್ತಿದ್ದ. ಕಸ್ತೂರಿಯ ಬಿ.ಎ. ಆ ಎತ್ತಿದ ಕೈಯ ಕೆಳಗೆ ಮುಗಿದದ್ದು.

ಕಲ್ಲು ಹುಗಿದ ಸುದ್ದಿ ಕೇಳಿ ಕಸ್ತೂರಿ ಅಲ್ಲಿಗೆ ಹೋದಳು. ಸುಲ್ತಾನಬಿ ಸರ್ಕಾರದ ಕಲ್ಲಿಗೆ ಒಂದು ಆಡು ಕಟ್ಟಿ ನಿಂಬೆಹಣ್ಣು ಒರೆಸುತ್ತಿದ್ದಳು.

"ಬಾ ಬೇಟಿ. ನೋಡು, ಸರ್ಕಾರ ಗೂಟ ಕೊಟ್ಟದ. ಇಷ್ಟ ದಿನ ಈ ಹರಾಮಿ ಆಡು ಗೂಟ ಕಿತಗೊಂಡು ಓಡ್ತಿತ್ತು."

ಕಸ್ತೂರಿಗೆ ನಗು ಬರಲಿಲ್ಲ. ನಿಂಬೆಹಣ್ಣು ಒಂದನ್ನು ಕೈಗೆತ್ತಿಕೊಂಡು ಒರೆಸತೊಡಗಿದಳು.

"ನಿಮ್ಮ ಮುತ್ಯಾ ಶ್ರೀಶೈಲಕ್ಕ ಹೊಂಟ ದಿನ ಇದೇ ಗಿಡದ ಉಪ್ಪಿನಕಾಯಿ ಬುತ್ತಿಗೆ ಕಟ್ಟಿಕೊಟ್ಟಿದ್ದೆ," ಎಂದಳು ಸುಲ್ತಾನಬಿ, ತಲೆ ಎತ್ತದೆ. "ಬರೋವಾಗ ಡಬ್ಬಿ ತರ್ತೇನಿ ತಂಗೀ ಅಂದಿದ್ದ. ಡಬ್ಬಿ ಇನ್ನೂ ಬಂದಿಲ್ಲ."

"ನಿಮಗ ಗೊತ್ತದ," ಎಂದಳು ಕಸ್ತೂರಿ. ತನ್ನ ದನಿ ತನಗೇ ಕೇಳಿಸದಷ್ಟು ಸಣ್ಣಗಿತ್ತು.

"ನನಗಷ್ಟೇ ಏನು, ಊರಿಗೇ ಗೊತ್ತದ."

"ಮತ್ತ ಯಾಕ ಹೇಳವಲ್ರಿ ಖಾಲಾ? ಸಾಹೇಬ್ರ ಮುಂದ ನಿಂತು ಹೇಳಬಾರದೇನು?"

ಸುಲ್ತಾನಬಿ ಬಟ್ಟೆ ಕೆಳಗಿಟ್ಟಳು. "ಹೇಳ್ತೇನಿ. ಆಮ್ಯಾಲ? ಗದ್ದಿಗಿ ಸುಳ್ಳಂತ ಸುಲ್ತಾನಬಿ ಅಂದಳಂತ, ಅಂತ ಸುದ್ದಿ ಸಂಜಿಯೊಳಗ ಅಫಜಲಪುರ ಮುಟ್ತದ. ಅಲ್ಲಿಂದ ಅದು ರಸ್ತಾದ ಮಾತಾಗಿ ಉಳಿಯಾಂಗಿಲ್ಲ, ಬ್ಯಾರೇನೇ ಆಗ್ತದ. ಈಗಿನ ದಿನಮಾನ ಹ್ಯಾಂಗದಾವ ಅಂತ ಪೇಪರ್ ಓದೋ ಹುಡುಗಿಗೆ ನಾ ಹೇಳಬೇಕೇನು?" ಬಟ್ಟೆ ಮತ್ತೆ ಎತ್ತಿಕೊಂಡು ಅಂದಳು: "ಮತ್ತ ಗಂಗಕ್ಕ ದಿನಾ ಅಲ್ಲಿ ಹೋಗಿ ಕೂಡ್ತಾಳ. ದೂರಿಂದ ನೋಡ್ತೇನಿ. ಅಕೀನ್ನ ನಾ ಹ್ಯಾಂಗ ಎಬ್ಬಸಲಿ?"

"ಎಲ್ಲಿಗೆ ಹೋಗ್ತೀರಿ?"

"ಜೇವರ್ಗ್ಯಾಗ ತಂಗಿ ಬದರುನ್ನಿಸಾ ಅದಾಳಲ್ಲ. ಅಕೀ ಸೊಸಿಗೆ ನನ್ನ ಕಂಡ್ರ ಮೈ ಉರಿ. ಆಡು ಮಾತ್ರ ತರಬ್ಯಾಡ ಅಂತ ಹೇಳಿ ಕಳಿಸ್ಯಾಳ." ನಕ್ಕಳು. "ನನಗೂ ಆ ಸೊಸಿ ಅಂದ್ರ ಮೈ ಉರೀನೇ ಬಿಡು."

ಮನೆಗೆ ಬರುವ ದಾರಿಯುದ್ದಕ್ಕೂ ಕಸ್ತೂರಿಗೆ ಆ ಫೋಟೋದ ಬೇಲಿಯೇ ಕಣ್ಣಿಗೆ ಕಟ್ಟಿತ್ತು. ನಡುವೆ ಯಾರೂ ನಿಲ್ಲುವ ಹಾಗಿಲ್ಲದ ರಸ್ತೆಯಲ್ಲಿ ಬಸ್ಸು ನಿಲ್ಲಿಸಲಿಕ್ಕೆ ಯಾರು ಕೈ ಎತ್ತಬೇಕು?

ಅಪ್ಪ ಊಟಕ್ಕೆ ಕುಳಿತಾಗ ಅವಳು ಅವನ ಎಡಕ್ಕೆ ಕುಳಿತಿದ್ದಳು. "ಅಪ್ಪಾ, ಸುಲ್ತಾನಬಿ ಖಾಲಾ..." ಎಂದಳು. ಅಪ್ಪ ರೊಟ್ಟಿ ಮುರಿಯುತ್ತಲೇ ಇದ್ದ. ಆ ಕಿವಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಆ ಬದಿಗೇ ಕುಳಿತೆನಲ್ಲ ಎಂದು ಅವಳಿಗೆ ಆಮೇಲೆ ತನ್ನ ಮೇಲೆಯೇ ಹೇಸಿಕೆಯಾಯಿತು. ಆದರೆ ಅಪ್ಪನ ಮನಸ್ಸಿನಲ್ಲೂ ಅದೇ ಇತ್ತು. ಕೈ ತೊಳೆಯುವಾಗ ತಾನೇ ಅಂದ: "ಬಡಗಲಿಗೆ ಬಾಗ್ತದಂತ ತಿಳಕೊಂಡಿದ್ದೆ ಕಸ್ತೂರಿ. ಅಕೀ ಮನೀಗೆ ಬರ್ತದಂತ ಕನಸಿನಾಗೂ ಇರಲಿಲ್ಲ. ಈಗ ಬಾಯಿ ಬಿಟ್ರ ಊರಾಗ ತಲಿ ಎತ್ತಾಕ ಆಗ್ತದೇನು? ನಮ್ಮ ಹೊಲದ ಮೂಲ್ಯಾಗ ಅಕೀಗೊಂದು ಗುಡಿಸಲಾ ಹಾಕಿಕೊಡ್ತೇನಿ."

ಆ ಮೂಲೆ ಹೊಸ ರಸ್ತೆಯ ಬೇಲಿಯ ಆಚೆ, ಊರಿಗೆ ದಾಟಿ ಬರಲಾಗದ ಕಡೆ ಉಳಿಯುತ್ತದೆ ಎಂದು ಅವಳು ಹೇಳಬೇಕೆಂದುಕೊಂಡಳು. ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ರಸ್ತೆಯ ಗೆರೆ ಗೊತ್ತುಮಾಡಲು ಚಾವಡಿಯಲ್ಲಿ ಕರೆದ ಸಭೆಯ ಹಿಂದಿನ ಮಧ್ಯಾಹ್ನ ಆಯಿಯನ್ನು ಕರೆತರಲು ಕಸ್ತೂರಿ ಹೊಲಕ್ಕೆ ಹೋದಳು. ಗಂಗಾಬಾಯಿ ಗದ್ದಿಗೆಗೆ ಬೆನ್ನು ಹಚ್ಚಿ ಕಾಲು ಚಾಚಿ ಕುಳಿತಿದ್ದಳು. ಹಳೆಯ ಮನೆಯ ಗೋಡೆಗೆ ಒರಗಿ ಕುಳಿತವರ ನೆಮ್ಮದಿ ಆ ಮೈಯಲ್ಲಿತ್ತು. ಏನನ್ನೋ ಮಾತಾಡುತ್ತಿದ್ದಳು, ಈ ವರ್ಷ ತೊಗರಿಗೆ ಹುಳ ಬಿದ್ದದ್ದು, ಕೆಂದ ಆಕಳು ಈದದ್ದು. ಮೊಮ್ಮಗಳನ್ನು ಕಂಡು ಸೆರಗು ಸರಿಮಾಡಿಕೊಂಡಳು, ಗಂಡನ ಜೊತೆ ಹರಟುವಾಗ ಸಿಕ್ಕಿಬಿದ್ದ ಹೊಸ ಸೊಸೆಯ ಹಾಗೆ.

"ಆಯಿ," ಎಂದಳು ಕಸ್ತೂರಿ, "ಇದನ್ನ ಅಪ್ಪ ಕಟ್ಯಾನ. ನಿನಗ ಗೊತ್ತದಲ್ಲ?"

"ಕಟ್ಯಾನ. ನನ್ನ ಕಣ್ಣ ಮುಂದೇ ಕಟ್ಯಾನ."

"ಒಳಗ..."

"ಮೊದಲ ಇರಲಿಲ್ಲ," ಎಂದಳು ಗಂಗಾಬಾಯಿ, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಅಯ್ಯನೋರು ಹೆಸರು ಹಿಡದು ಕರದ್ರಲ್ಲ ಬೇ. ನಾ ಇಷ್ಟ ವರ್ಷ ಮನಸ್ಸಿನಾಗೇ ಕರದೆ. ಮನಸ್ಸಿನಾಗ ಕರದ್ರ ಶ್ರೀಶೈಲತನಕ ಕೇಳ್ತದೇನು? ಅವರು ಗಟ್ಟಿಯಾಗಿ ಕರದ್ರು. ಕರದ್ರ ಬರಲಾರದಂಥ ಮನಷ್ಯಾ ಅಲ್ಲ ಅವ." ಕಲ್ಲಿನ ಮೇಲೆ ಅಂಗೈ ಆಡಿಸಿದಳು. ಬೆರಳು 'ಯ'ದ ಬಾಲದ ಮೇಲೆ ಹಾದು ನಿಂತಿತು. "ನೀನೇ ಬರದೀಯಲ್ಲ ಇದನ್ನ. ಚೆಂದ ಬರದಿ."

ಯಾರಾದರೂ ಗುರುತು ಹಿಡಿದಾರೆಂದು ಅಷ್ಟು ದಿನ ಅಂಜಿದ್ದಳು; ಹಿಡಿದದ್ದು ಓದು ಬಾರದ ಆಯಿ. ಕಸ್ತೂರಿ ತಿರುಗಿ ನಿಂತು ಬಾವಿಯ ನೀರು ನೋಡಿದಳು.

ಮರುದಿನ ಚಾವಡಿ ತುಂಬಿತ್ತು. ದೌಲತರಾಯ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚಹಾದ ಕಪ್ಪು ಇಟ್ಟ. ಅಪ್ಪ ಮುಂದಿನ ಸಾಲಿನಲ್ಲಿ ತಲೆಗೆ ಪಟಗಾ ಸುತ್ತಿಕೊಂಡು ಕುಳಿತಿದ್ದ. ಹೆಂಗಸರು ಎಡಗಡೆಯ ಗೋಡೆಗೆ, ಗಂಗಾಬಾಯಿ ಎಲ್ಲರ ಮುಂದೆ. ಸುಲ್ತಾನಬಿ ಒಳಗೆ ಬರದೆ ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದಳು.

"ಇವತ್ತ ಮುಗಿಸಿಬಿಡೋಣ್ರಿ," ಎಂದ ದೌಲತರಾಯ. "ಯಾರದಾರ ತಕರಾರು ಇದ್ರ ಈಗೇ ಹೇಳಬೇಕು. ಇವತ್ತಿನ ಗೆರೀನೇ ಕಾಯಂ. ನಾಳೆ ಕಾಗದಾ ಮ್ಯಾಲ ಹೋದ್ರ ಮುಗೀತು, ಆಮ್ಯಾಲ ನನ್ನ ಕೈಯಾಗೂ ಇರಾಂಗಿಲ್ಲ." ನಕ್ಷೆಯ ಮೇಲೆ ಬೆರಳಿಟ್ಟ. "ಇಲ್ಲಿ ಶಿವರಾಯರ ಗದ್ದಿಗಿ ಅದ. ಅದಕ್ಕಂತ ತೆಂಕಲಿಗೆ ಬಾಗಿಸೀವಿ. ಇಲ್ಲಿ ಗಾಯರಾಣದಾಗ ಒಂದು ಮನಿ ಹೋಗ್ತದ. ಪಟ್ಟಾ ಇಲ್ಲ. ಯಾರ ಮನಿ ಅದು?"

ಎಲ್ಲರೂ ಒಮ್ಮೆ ಬಾಗಿಲ ಕಡೆ ನೋಡಿದರು, ನೋಡಿ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಸುಲ್ತಾನಬಿ ಅಂದಳು: "ನಂದ್ರಿ ಸಾಹೇಬ್ರ. ನಿಂಬಿಗಿಡ ಕಡಿಯೋ ಮೊದಲು ಒಂದು ಮಾತು ಹೇಳಿ ಕಳಿಸ್ರಿ, ಕಾಯಿ ಹರಕೊಂಡು ಹೋಗ್ತೇನಿ."

"ಮತ್ತೇನೂ ತಕರಾರು ಇಲ್ಲ?"

"ಇಲ್ರಿ."

ಅವಳು ಗಂಗಾಬಾಯಿಯ ಕಡೆ ನೋಡಿ ಹಾಗೆಂದದ್ದು ಕಸ್ತೂರಿಗೆ ಕಂಡಿತು. ಆಯಿ ಏನೂ ಅರಿಯದೆ ತಿರುಗಿ ನೋಡಿದಳು. "ಯಾಕ ಸುಲ್ತಾನಾ, ನಿನ್ನ ಮನೀಗೇನಾಗ್ಯದ?" ಎಂದಳು. ಪಕ್ಕದ ಹೆಂಗಸು ಆಕೆಯ ತೊಡೆ ಒತ್ತಿ ಸುಮ್ಮನಾಗಿಸಿದಳು.

ದೌಲತರಾಯ ಚಹಾದ ಕಪ್ಪುಗಳನ್ನು ಒಂದೊಂದಾಗಿ ಎತ್ತತೊಡಗಿದ. ಒಂದು ಮೂಲೆ ಸುರುಳಿಯಾಗಿ ಮೇಲೆದ್ದಿತು.

ಕಸ್ತೂರಿ ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. ಹೆಂಗಸರ ಸಾಲು ದಾಟಿ, ಅಪ್ಪನ ಹಿಂದಿನಿಂದ ಸುತ್ತಿ ಬಂದು ಅವನ ಬಲಗಡೆ ನಿಂತಳು, ಕೇಳುವ ಕಿವಿಯ ಕಡೆ. ಪ್ರಶ್ನೆಗಳೆಲ್ಲ ಇಳಿದುಹೋಗುವ ಆ ಗಂಟಲಲ್ಲಿ ಈ ಮಾತೂ ಇಳಿದುಹೋಗುವುದೆನಿಸಿತು. ಆಗ ಅವಳ ಬಲಗೈ ಮೇಲೆದ್ದಿತು. ನೆಟ್ಟಗೆ, ರಸ್ತೆಯ ನಡುವೆ ನಿಂತು ಬಸ್ಸು ತಡೆಯುವ ಕೈಯ ಹಾಗೆ.

ದೌಲತರಾಯ ಕಪ್ಪು ಹಿಡಿದವನು ಹಾಗೆಯೇ ನಿಂತ. "ಏನವ್ವಾ?"

"ಯಾಕ ಎದ್ದಿ? ಕೂಡು," ಎಂದ ಅಪ್ಪ, ಮೆಲ್ಲಗೆ.

ಅವಳು ಆಯಿಯ ಕಡೆ ನೋಡಬಾರದೆಂದುಕೊಂಡಿದ್ದಳು. ನೋಡಿದಳು. ಗಂಗಾಬಾಯಿ ಮೊಮ್ಮಗಳು ಸಭೆಯಲ್ಲಿ ನಿಂತಳೆಂಬ ಹಿಗ್ಗಿನಲ್ಲಿ, ಬಳೆಯಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅರಳಿದ ಮುಖದಿಂದ ಕಾಯುತ್ತಿದ್ದಳು.

"ಆ ಗದ್ದಿಗ್ಯಾಗ ಯಾರೂ ಇಲ್ರಿ," ಎಂದಳು ಕಸ್ತೂರಿ. ಬಾಗಿಲ ಹೊರಗೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು ದನಿ. "ನಮ್ಮ ಮುತ್ಯಾ ಇನ್ನೂ ಬಂದಿಲ್ರಿ."